ಮೀನಿಗೆ ಬೆಲೆ ಕಟ್ಟುವವರ ಕರಾವಳಿ

ನಾರ್ವೆಗೆ ಹೋಗಿ ಬಂದವರ ಫೋಟೋಗಳಲ್ಲಿ ಮೀನು ಕಾಣುವುದು ಅಪರೂಪ. ನೀರಿನಿಂದ ನೇರ ಎದ್ದು ನಿಂತ ಹಿಮದ ಬೆಟ್ಟ, ಅದರ ಬುಡದಲ್ಲಿ ಮರದ ಕಂಬಗಳ ಮೇಲೆ ಕೂತ ಕೆಂಪು ಮನೆಗಳ ಸಾಲು, ಅದೃಷ್ಟ ಕೂಡಿ ಬಂದಿದ್ದರೆ ರಾತ್ರಿಯ ಆಕಾಶದಲ್ಲಿ ಹರಡಿದ ಹಸಿರು ಬೆಳಕು, ಇವಿಷ್ಟೇ ಎಲ್ಲರ ಮೊಬೈಲುಗಳಲ್ಲೂ ಇರುತ್ತವೆ. ಅಂಥ ಚಿತ್ರಗಳನ್ನು ನೋಡಿಯೇ ನಾನೂ ಹೊರಟವನು. ಆದರೆ ಮಾರ್ಚ್ ತಿಂಗಳಲ್ಲಿ ಲೋಫೋಟನ್ ದ್ವೀಪಗಳಿಗೆ ಹೋದವನ ಮೂಗಿಗೆ ಮೊದಲು ಬಡಿಯುವುದು ಮೀನಿನ ವಾಸನೆ. ಬೆಟ್ಟ, ಬೆಳಕುಗಳೆಲ್ಲ ಆಮೇಲೆ. ಹೊನ್ನಾವರದ ಕಡೆ ಹುಟ್ಟಿ ಬೆಳೆದ ನನಗೆ, ಮೀನು ಹಿಡಿಯುವ ಮನೆತನದಿಂದ ಬಾರದೆ ಬರೀ ತಿನ್ನುವ ಮನೆತನದಿಂದ ಬಂದವನಾದರೂ, ಆ ವಾಸನೆ ಹೊಸದಾಗಿರಲಿಲ್ಲ. ಹೊಸದಾಗಿ ಕಂಡದ್ದು ಆ ಮೀನಿನ ಸುತ್ತ ಅಲ್ಲಿಯವರು ಕಟ್ಟಿಕೊಂಡಿರುವ ವ್ಯವಸ್ಥೆ. ಈ ಬರಹದ ಬಹುಪಾಲು ಅದರ ಕುರಿತೇ ಇದೆ. ಹಸಿರು ಬೆಳಕಿನ ವರ್ಣನೆಗಾಗಿ ಬಂದವರಿಗೆ ನಿರಾಸೆಯಾದೀತು.

ಭೂಪಟದಲ್ಲಿ ನಾರ್ವೆಯ ತೀರವನ್ನು ಒಳನಾಡಿಗೆ ಚಾಚಿದ ಸಮುದ್ರದ ಕಿರಿದಾದ ತೋಳುಗಳಾದ ಫ್ಯೋರ್ಡ್‌ಗಳನ್ನು ಬಿಟ್ಟು ಅಳೆದರೆ ಸುಮಾರು 2,500 ಕಿಲೋಮೀಟರ್ ಆಗುತ್ತದೆ. ಪ್ರತಿ ಫ್ಯೋರ್ಡಿನ ಒಳಹೊಕ್ಕು, ಪ್ರತಿ ದ್ವೀಪವನ್ನು ಸುತ್ತಿ ಅಳೆದರೆ 1,00,000 ಕಿಲೋಮೀಟರನ್ನೂ ಮೀರುತ್ತದೆ. ಅಷ್ಟು ಉದ್ದದ ದಂಡೆಯ ಮೇಲೆ ಇಡೀ ದೇಶದ ಜನಸಂಖ್ಯೆ ಬರೀ 55 ಲಕ್ಷ. ಇಂಥ ಕಡೆ ರಸ್ತೆಗಿಂತ ಹಡಗೇ ಮೊದಲು ಬಂದದ್ದರಲ್ಲಿ ಆಶ್ಚರ್ಯವಿಲ್ಲ. 1893ರಲ್ಲಿ ರಿಚರ್ಡ್ ವಿತ್ ಎಂಬ ಕಪ್ತಾನ ಆರಂಭಿಸಿದ ಕರಾವಳಿ ಹಡಗಿನ ಸೇವೆ ಇಂದಿಗೂ ನಡೆಯುತ್ತಿದೆ: ದಕ್ಷಿಣದ ಬರ್ಗನ್‌ನಿಂದ ರಷ್ಯಾದ ಗಡಿಗೆ ಹತ್ತಿರದ ಕಿರ್ಕನೆಸ್‌ವರೆಗೆ, ದಾರಿಯಲ್ಲಿ 34 ಬಂದರುಗಳು. ಈಗ ಅದರಲ್ಲಿ ಪ್ರವಾಸಿಗಳೇ ಹೆಚ್ಚು. ಆದರೂ ನಡುರಾತ್ರಿಯಲ್ಲಿ ಯಾವುದೋ ಪುಟ್ಟ ಊರಿನ ಕಟ್ಟೆಗೆ ಹಡಗು ತಾಗಿದಾಗ, ಮಲಗಿದ್ದ ಪ್ರವಾಸಿಗಳ ಅರಿವಿಗೆ ಬಾರದ ಹಾಗೆ ಪಕ್ಕದ ಬಾಗಿಲು ತೆರೆದು ಫೋರ್ಕ್‌ಲಿಫ್ಟ್ ಗಾಡಿಗಳು ಸರಕು ಇಳಿಸಿ, ಒಬ್ಬಿಬ್ಬರು ಶಾಲಾ ಹುಡುಗರು ಬೆನ್ನಚೀಲದೊಂದಿಗೆ ಇಳಿದು ಹೋಗುವುದನ್ನು ಕಂಡರೆ, ಇದು ಮೂಲತಃ ನಮ್ಮ ಹಳ್ಳಿ ಬಸ್ಸಿನ ಜಾತಿಗೆ ಸೇರಿದ್ದು ಎಂಬುದು ತಿಳಿಯುತ್ತದೆ.

ಹಡಗು ಹತ್ತುವ ಮುನ್ನ ಬರ್ಗನ್‌ನಲ್ಲಿ ನೋಡಬೇಕಾದದ್ದು ಬ್ರಿಗ್ಗನ್ ಎಂಬ ಹಳೆಯ ಮರದ ಕಟ್ಟಡಗಳ ಸಾಲು. 1979ರಿಂದ ಅದು ವಿಶ್ವ ಪರಂಪರೆಯ ತಾಣ. ಸುಮಾರು 1360ರಿಂದ 1754ರವರೆಗೆ ಹ್ಯಾನ್ಸಿಯಾಟಿಕ್ ಎಂಬ ವ್ಯಾಪಾರಿ ಒಕ್ಕೂಟದ ಜರ್ಮನ್ ವರ್ತಕರ ಕೋಠಿ ಇಲ್ಲಿತ್ತು. ಉತ್ತರದಿಂದ ಒಣಮೀನು ಬರುತ್ತಿತ್ತು, ಪ್ರತಿಯಾಗಿ ಧಾನ್ಯ ಹೋಗುತ್ತಿತ್ತು. ಕಟ್ಟಡಗಳೆಲ್ಲ ಮರದವಾದ್ದರಿಂದ ಒಳಗೆ ಬೆಂಕಿ ಹೊತ್ತಿಸುವಂತಿರಲಿಲ್ಲ. ಅಡುಗೆಗೂ ಚಳಿ ಕಾಯಿಸುವುದಕ್ಕೂ ಹಿಂದೆ ಬೇರೆಯೇ ಕಟ್ಟಡಗಳಿದ್ದವು. ವ್ಯಾಪಾರದ ಲಾಭ ದೊಡ್ಡದೇ ಇದ್ದಿರಬೇಕು, ಇಲ್ಲವಾದರೆ ಅಲ್ಲಿನ ಚಳಿಗಾಲವನ್ನು ಬೆಂಕಿಯಿಲ್ಲದೆ ಕಳೆಯಲು ಯಾರು ಒಪ್ಪುತ್ತಿದ್ದರು?

ಲೋಫೋಟನ್ ಇರುವುದು ಆರ್ಕ್ಟಿಕ್ ವೃತ್ತದ ಆಚೆಗೆ, 68 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಅದೇ ಅಕ್ಷಾಂಶದಲ್ಲಿ ಗ್ರೀನ್‌ಲ್ಯಾಂಡ್, ಸೈಬೀರಿಯಾಗಳು ಹೆಪ್ಪುಗಟ್ಟಿರುವಾಗ ಇಲ್ಲಿ ಸಮುದ್ರ ಹೆಪ್ಪುಗಟ್ಟುವುದಿಲ್ಲ. ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹ ತೀರವನ್ನು ಸವರಿ ಹೋಗುವುದೇ ಅದಕ್ಕೆ ಕಾರಣ. ಚಳಿಗಾಲದಲ್ಲಿ ಬ್ಯಾರೆಂಟ್ಸ್ ಸಮುದ್ರದ ಕಾಡ್ ಮೀನು ಮೊಟ್ಟೆಯಿಡಲು ದಕ್ಷಿಣಕ್ಕೆ ಈಜಿ ಬಂದು ಜನವರಿಯಿಂದ ಏಪ್ರಿಲ್‌ವರೆಗೆ ಈ ದ್ವೀಪಗಳ ಸುತ್ತ ಸೇರುತ್ತದೆ. ಹೀಗೆ ವಲಸೆ ಬರುವ ಕಾಡ್‌ಗೆ ಅಲ್ಲಿ ಸ್ಕ್ರೈ ಎನ್ನುತ್ತಾರೆ. ಮೀನು ಬಂದು ಸೇರುವ ಹೊತ್ತಿಗೆ ಗಾಳಿಯ ಉಷ್ಣತೆ ಸೊನ್ನೆಯ ಆಸುಪಾಸಿನಲ್ಲಿ ಹೊಯ್ದಾಡುತ್ತಿರುತ್ತದೆ. ಅದಕ್ಕಿಂತ ಬಹಳ ಕೆಳಗಿಳಿದರೆ ಮೀನು ಹೆಪ್ಪುಗಟ್ಟಿ ಅದರ ಮಾಂಸ ಹಾಳಾಗುತ್ತದೆ, ಮೇಲೇರಿದರೆ ಕೊಳೆಯುತ್ತದೆ, ನೊಣ ಮುತ್ತುತ್ತದೆ. ಮೀನೂ ಹವೆಯೂ ಹೀಗೆ ಒಂದೇ ಹೊತ್ತಿಗೆ ಕೂಡಿ ಬಂದದ್ದರಿಂದಲೇ ಅಲ್ಲಿ ಮೀನನ್ನು ಉಪ್ಪಿಲ್ಲದೆ ಒಣಗಿಸಲು ಸಾಧ್ಯವಾಗಿದೆ.

ಉಪ್ಪಿಲ್ಲದೆ ಎಂಬುದು ನನ್ನ ಮಟ್ಟಿಗೆ ನಂಬುವುದೇ ಕಷ್ಟವಾದ ಸಂಗತಿ. ನಮ್ಮಲ್ಲಿ ಒಣಮೀನೆಂದರೆ ಸಾಣಿಕಟ್ಟೆಯ ಉಪ್ಪು ಮತ್ತು ಬೇಸಿಗೆಯ ಬಿಸಿಲು. ಉಪ್ಪು ಕಡಿಮೆಯಾದರೆ ಮಳೆಗಾಲದ ಹೊತ್ತಿಗೆ ಬಂಗಡೆಗೆ ಹುಳ ಬೀಳುವುದು ನಿಶ್ಚಿತ. ಅಲ್ಲಿ ತಲೆ, ಕರುಳು ತೆಗೆದ ಎರಡೆರಡು ಮೀನುಗಳನ್ನು ಬಾಲ ಸೇರಿಸಿ ಕಟ್ಟಿ, ಮರದ ಗಳುಗಳ ಎತ್ತರದ ಚಪ್ಪರದ ಮೇಲೆ ಜೋತು ಬಿಡುತ್ತಾರೆ. ಫೆಬ್ರವರಿಯಲ್ಲಿ ಏರಿದ್ದು ಮೇ ತಿಂಗಳವರೆಗೂ ಹಾಗೆಯೇ ಇರುತ್ತದೆ, ಹಿಮ ಬೀಳಲಿ, ಮಳೆ ಬರಲಿ. ಇಳಿಸಿದ ಮೇಲೆ ಇನ್ನೂ ಎರಡು ಮೂರು ತಿಂಗಳು ಗಾಳಿಯಾಡುವ ಗೋದಾಮಿನಲ್ಲಿ ಹದವಾಗುತ್ತದೆ. ಅಷ್ಟರಲ್ಲಿ ನೀರೆಲ್ಲ ಹೋಗಿ ಮೀನಿನ ತೂಕ ಐದನೆಯ ಒಂದು ಭಾಗಕ್ಕೆ ಇಳಿದಿರುತ್ತದೆ.

ದ್ವೀಪಸಾಲಿನಲ್ಲಿ ಹೆದ್ದಾರಿ ಮುಗಿಯುವ ಕಡೆ ಒಂದೇ ಅಕ್ಷರದ ಹೆಸರಿನ ಒಂದು ಹಳ್ಳಿಯಿದೆ, ‘ಓ’ ಎಂದು. ಹೆಚ್ಚುಕಡಿಮೆ ಇಡೀ ಊರೇ ಮೀನುಗಾರಿಕೆಯ ಸಂಗ್ರಹಾಲಯ. ಅದರ ಸಮೀಪದ ಒಂದು ಗೋದಾಮಿನಲ್ಲಿ ಹಿರಿಯರೊಬ್ಬರು ಹಿಂದಿನ ವರ್ಷದ ಮೀನನ್ನು ವಿಂಗಡಿಸುವುದನ್ನು ನಾನು ಬಹಳ ಹೊತ್ತು ನಿಂತು ನೋಡಿದೆ. ಅವರು ಒಂದೊಂದು ಮೀನನ್ನೂ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು, ಹೆಬ್ಬೆರಳಿನಿಂದ ಬೆನ್ನು ಒತ್ತುತ್ತಿದ್ದರು, ಕುತ್ತಿಗೆಯ ಭಾಗವನ್ನು ಮೂಗಿನ ಹತ್ತಿರ ತಂದು ಒಂದು ಗಳಿಗೆ ನಿಲ್ಲಿಸಿ ಪಕ್ಕದ ರಾಶಿಗಳಲ್ಲಿ ಯಾವುದೋ ಒಂದಕ್ಕೆ ಎಸೆಯುತ್ತಿದ್ದರು. ದರ್ಜೆಗಳು 20ರಷ್ಟಿವೆಯಂತೆ. ಉದ್ದ, ದಪ್ಪ, ಬಣ್ಣ, ಹೊಟ್ಟೆಯೊಳಗಿನ ಕಲೆ, ಕೊಕ್ಕೆ ಅಥವಾ ಬಲೆ ಮಾಡಿದ ಗಾಯ, ಹಿಮ ಹಿಡಿದು ಬಿರುಸಾದ ಮಾಂಸ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ, ಮತ್ತು ಇದಿಷ್ಟನ್ನೂ ಚಾಕು ತಾಗಿಸದೆ, ಯಂತ್ರವಿಲ್ಲದೆ ನಿರ್ಧರಿಸಬೇಕು. ಅವರು ಒಂದು ಮೀನನ್ನು ನನ್ನ ಕೈಗೆ ಕೊಟ್ಟು ಇನ್ನೊಂದರಿಂದ ಅದಕ್ಕೆ ಬಡಿದರು. ಒಣ ಸೌದೆಗಳು ತಾಗಿದ ಸದ್ದಾಯಿತು. ‘ಇದು ಇಟಲಿಗೆ’ ಎಂದರು, ಇನ್ನೊಂದನ್ನು ತೋರಿಸಿ ‘ಇದು ನೈಜೀರಿಯಾಕ್ಕೆ’ ಎಂದರು. ನನ್ನ ಕಣ್ಣಿಗೆ ಎರಡರಲ್ಲೂ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಇಟಲಿಯ ನಂಟಿಗೆ ಒಂದು ಕಥೆಯಿದೆ. ವೆನಿಸ್‌ನ ವರ್ತಕ ಪಿಯೆತ್ರೊ ಕ್ವೆರಿನಿ 1431ರಲ್ಲಿ ಕ್ರೀಟ್ ದ್ವೀಪದಿಂದ ದ್ರಾಕ್ಷಾರಸ, ಸಾಂಬಾರ ಪದಾರ್ಥಗಳನ್ನು ತುಂಬಿಕೊಂಡು ಫ್ಲ್ಯಾಂಡರ್ಸ್‌ಗೆ ಹೊರಟ. ಬಿರುಗಾಳಿಯಲ್ಲಿ ಚುಕ್ಕಾಣಿ ಮುರಿದು, ಹಡಗನ್ನು ಬಿಟ್ಟು, ಚಿಕ್ಕ ದೋಣಿಯಲ್ಲಿ ಗಾಳಿ ಒಯ್ದತ್ತ ತೇಲಿ, 1432ರ ಜನವರಿಯಲ್ಲಿ ಲೋಫೋಟನ್‌ನ ತುದಿಯ ರೋಸ್ಟ್ ದ್ವೀಪದ ಬಳಿ ದಡ ಸೇರಿದ. ಹೊರಟ 68 ಮಂದಿಯಲ್ಲಿ ಉಳಿದವರು 11. ಅಲ್ಲಿಯ ಮೀನುಗಾರರು ಅವರನ್ನು ತಿಂಗಳುಗಟ್ಟಲೆ ಮನೆಗಳಲ್ಲಿ ಇಟ್ಟುಕೊಂಡು ಸಾಕಿದರು. ಹಿಂದಿರುಗುವಾಗ ಅವರ ಜೊತೆ ಒಣಮೀನೂ ಹೋಯಿತು. ವೆನಿಸ್ ಸುತ್ತಲಿನ ಸೀಮೆಯ ಅಡುಗೆಯಲ್ಲಿ ಆ ಮೀನಿಗೆ ಇಂದಿಗೂ ಇರುವ ಸ್ಥಾನವನ್ನು ಎರಡೂ ಕಡೆಯವರು ಈ ಘಟನೆಗೇ ಜೋಡಿಸುತ್ತಾರೆ. ನೈಜೀರಿಯಾದ ನಂಟು ಮತ್ತಷ್ಟು ನೋವಿನದು. ನೈಜೀರಿಯಾದಿಂದ ಬೇರೆಯಾಗಲು ಹೊರಟ ಬಿಯಾಫ್ರಾ ಪ್ರಾಂತ್ಯದ 1967ರಿಂದ 1970ರವರೆಗಿನ ಯುದ್ಧದಲ್ಲಿ ಹಸಿದವರಿಗೆ ಪರಿಹಾರವಾಗಿ ಹೋದ ಆಹಾರದಲ್ಲಿ ನಾರ್ವೆಯ ಒಣಮೀನೂ ಇತ್ತು. ಫ್ರಿಜ್ ಬೇಡದ, ಕೆಡದ, ಪೌಷ್ಟಿಕವಾದ ವಸ್ತು ಅದು. ಅದಕ್ಕೂ ಮೊದಲೇ ವ್ಯಾಪಾರವಿತ್ತಾದರೂ ಯುದ್ಧದ ಬಳಿಕ ಆ ಪ್ರಾಂತ್ಯದ ಇಗ್ಬೊ ಜನರ ಸಾರುಗಳಲ್ಲಿ ಅದು ಗಟ್ಟಿಯಾಗಿ ನೆಲೆನಿಂತಿತು. ಲೋಫೋಟನ್‌ನಲ್ಲಿ ತಲೆಗಳನ್ನೂ ಎಸೆಯುವುದಿಲ್ಲ. ಅವನ್ನೂ ದಾರಕ್ಕೆ ಪೋಣಿಸಿ ಒಣಗಿಸಿ ನೈಜೀರಿಯಾಕ್ಕೇ ಕಳಿಸುತ್ತಾರೆ.

ತಲೆ ಒಣಗುವ ಮೊದಲು ಅದರ ನಾಲಿಗೆ ಮಾತ್ರ ಮಕ್ಕಳ ಪಾಲು. ಮೀನು ಇಳಿಸುವ ಕಟ್ಟೆಯ ಮೂಲೆಯೊಂದರಲ್ಲಿ ಹನ್ನೊಂದು ಹನ್ನೆರಡರ ಹರೆಯದ ಹುಡುಗನೊಬ್ಬ, ಮೊಣಕಾಲು ದಾಟಿದ ರಬ್ಬರ್ ಏಪ್ರನ್ ತೊಟ್ಟು, ಎದುರಿಗೆ ನೆಟ್ಟ ಕಬ್ಬಿಣದ ಮೊಳೆಗೆ ಕಾಡ್‌ನ ತಲೆಯನ್ನು ಚುಚ್ಚಿ, ದವಡೆಯ ಕೆಳಗೆ ಚಾಕು ಎಳೆದು, ನಾಲಿಗೆಯನ್ನು ಒಂದು ತೊಟ್ಟಿಗೂ ತಲೆಯನ್ನು ಇನ್ನೊಂದಕ್ಕೂ ಹಾಕುತ್ತಿದ್ದ. ಕೈ ನಿಲ್ಲುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಮಾಡುವ ಕೆಲಸ ಇದು. ಮಾರಿದ ದುಡ್ಡು ಅವನದೇ. ಕಿಲೋಗೆ ಎಷ್ಟು ಸಿಗುತ್ತದೆ ಎಂದು ಕೇಳಿದ್ದಕ್ಕೆ ಚಾಕುವಿನಿಂದ ಕಣ್ಣೆತ್ತದೆ ಬೆಲೆ ಹೇಳಿದ, ಹೋದ ವರ್ಷದ ಬೆಲೆಯನ್ನೂ ಸೇರಿಸಿ ಹೇಳಿದ. ಬಾಲಕಾರ್ಮಿಕ ಪದ್ಧತಿ ಎಂದು ನಮ್ಮಲ್ಲಿ ಕೆಲವರು ಮೂಗು ಮುರಿಯಬಹುದು. ಆದರೆ ಆ ಹುಡುಗನಿಗೆ ತಾನು ತೆಗೆದ ಸರಕಿನ ದರ ಬಾಯಿಪಾಠವಾಗಿತ್ತು ಎಂಬುದೇ ನನ್ನ ತಲೆಯಲ್ಲಿ ಉಳಿದದ್ದು.

ಈ ದರದ ಅರಿವು ಅಲ್ಲಿ ತಾನಾಗಿ ಬಂದದ್ದಲ್ಲ. ಪ್ರವಾಸಿಗಳು ಬಾಡಿಗೆಗೆ ಹಿಡಿಯುವ ಕೆಂಪು ಮನೆಗಳಿಗೆ ರೂರ್ಬು ಎಂದು ಹೆಸರು. ಚಳಿಗಾಲದ ಮೀನಿಗೆಂದು ದೂರದೂರುಗಳಿಂದ ದೋಣಿ ಹುಟ್ಟು ಹಾಕಿಕೊಂಡು ಬಂದವರು ತಂಗುತ್ತಿದ್ದ ಬಿಡಾರಗಳು ಅವು. ಕಾವಿಮಣ್ಣಿಗೆ ಮೀನೆಣ್ಣೆ ಬೆರೆಸಿದ ಬಣ್ಣ ಅಗ್ಗವಾಗಿದ್ದರಿಂದ ಕೆಂಪು. ಸುಮಾರು 1120ರಲ್ಲಿ ದೊರೆ ಓಯ್‌ಸ್ಟೈನ್ ಇಂಥ ಬಿಡಾರಗಳನ್ನು ಕಟ್ಟಿಸಿದನೆಂದು ಹೇಳುತ್ತಾರೆ. ನಂತರದ ಕಾಲದಲ್ಲಿ ಬಿಡಾರ, ಕಟ್ಟೆ, ಅಂಗಡಿ, ಒಣಗಿಸುವ ಚಪ್ಪರ, ಎಲ್ಲವೂ ಊರಿಗೊಬ್ಬ ಒಡೆಯನ ಕೈಗೆ ಸೇರಿದವು. ಅವನ ಬಿಡಾರದಲ್ಲಿ ಮಲಗಿದವನು ಅವನಿಗೇ ಮೀನು ಮಾರಬೇಕು, ಅವನ ಅಂಗಡಿಯಿಂದಲೇ ಹಿಟ್ಟು, ಹಗ್ಗ, ತಂಬಾಕು ಸಾಲ ತರಬೇಕು, ಋತುವಿನ ಕೊನೆಗೆ ಲೆಕ್ಕ ಬರೆಯುವವನೂ ಆ ಒಡೆಯನೇ. ನೂಸ್‌ಫ್ಯೋರ್ಡ್ ಎಂಬ ಹಳ್ಳಿಯಲ್ಲಿ ಆ ಕಾಲದ ಅಂಗಡಿಯನ್ನು ಇಂದಿಗೂ ಹಾಗೆಯೇ ಉಳಿಸಿದ್ದಾರೆ. ಕಪಾಟುಗಳ ಚಂದಕ್ಕೆ ಪ್ರವಾಸಿಗಳು ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ದಕ್ಕೆಗಳಲ್ಲಿ ದಲಾಲಿಯ ಮುಂಗಡ ಪಡೆದು ಅವನಿಗೇ ಮೀನು ಕೊಡಬೇಕಾದವರ ಪಾಡನ್ನು ಬಲ್ಲ ಯಾರಿಗೂ ಆ ಅಂಗಡಿ ಬರೀ ಚಂದವಾಗಿ ಕಾಣಲಾರದು.

ಸಮುದ್ರವನ್ನೂ ಒಡೆಯರಿಗೆ ಹಂಚಿಕೊಟ್ಟಿದ್ದ ಕಾನೂನು 1857ರಲ್ಲಿ ಹೋಯಿತು. ಹಾಗೆಂದು ಜಗಳ ಮುಗಿಯಲಿಲ್ಲ. 1890ರ ಮಾರ್ಚ್‌ನಲ್ಲಿ ಟ್ರೋಲ್‌ಫ್ಯೋರ್ಡ್ ಎಂಬ ಇಕ್ಕಟ್ಟಿನ ಫ್ಯೋರ್ಡಿಗೆ ಕಾಡ್ ರಾಶಿರಾಶಿಯಾಗಿ ನುಗ್ಗಿದಾಗ, ಉಗಿಹಡಗುಗಳ ಮಾಲೀಕರು ಬಾಯಿಗೆ ದೊಡ್ಡ ಬಲೆ ಕಟ್ಟಿ ಇಡೀ ಫ್ಯೋರ್ಡನ್ನೇ ಮುಚ್ಚಿದರು. ಹುಟ್ಟಿನ ದೋಣಿಗಳಲ್ಲಿ ಬಂದವರು ಹುಟ್ಟು, ಕೊಕ್ಕೆ ಹಿಡಿದು ಹಡಗುಗಳಿಗೇ ಎದುರಾದರು. ಸ್ವೋಲ್ವಾರ್ ಊರಿನ ಚಿತ್ರಕಾರ ಗುನ್ನಾರ್ ಬರ್ಗ್ ಅದನ್ನು ದೊಡ್ಡ ಕ್ಯಾನ್ವಾಸಿನಲ್ಲಿ ಬರೆದಿದ್ದಾನೆ. ಮುಂದಿನ ಕೆಲವೇ ವರ್ಷಗಳಲ್ಲಿ ಲೋಫೋಟನ್‌ನಲ್ಲಿ ಹಾಗೆ ಬಲೆಯಿಂದ ಮುಚ್ಚುವುದನ್ನು ಸಂಸತ್ತು ನಿಷೇಧಿಸಿತು. ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಕರಾವಳಿಯಲ್ಲಿ ದಡದಿಂದ ಬಲೆ ಎಳೆಯುವ ರಂಪಣಿಯವರಿಗೂ ಯಂತ್ರದ ಪರ್ಸೀನ್ ಬೋಟಿನವರಿಗೂ ನಡೆದ ಸಂಘರ್ಷ ನೆನಪಿರುವವರಿಗೆ ಆ ಚಿತ್ರದ ಅರ್ಥವನ್ನು ವಿವರಿಸಬೇಕಿಲ್ಲ. ನಮ್ಮಲ್ಲಿ ಗೆದ್ದವರು ಬೇರೆ, ಅಷ್ಟೇ.

ನಿರ್ಣಾಯಕ ತಿರುವು ಬಂದದ್ದು 1938ರಲ್ಲಿ. ಮೂವತ್ತರ ದಶಕದ ಬೆಲೆಕುಸಿತದಲ್ಲಿ ನೆಲಕಚ್ಚಿದ್ದ ಮೀನುಗಾರರ ಒತ್ತಾಯಕ್ಕೆ ನಾರ್ವೆ ಹಸಿಮೀನಿನ ಕಾನೂನನ್ನು ತಂದಿತು. ಅದರ ಪ್ರಕಾರ ದೋಣಿಯಿಂದ ಇಳಿದ ಮೀನಿನ ಮೊದಲ ಮಾರಾಟದ ಹಕ್ಕು ಮೀನುಗಾರರ ಸ್ವಂತ ಮಾರಾಟ ಸಂಘಗಳದ್ದು, ಅವುಗಳನ್ನು ಬಿಟ್ಟು ಬೇರೆಡೆ ಮಾರುವಂತಿಲ್ಲ. ಖರೀದಿದಾರರೊಂದಿಗೆ ಮಾತುಕತೆ ನಡೆಸಿ ಸಂಘ ಕನಿಷ್ಠ ಬೆಲೆಯನ್ನು ನಿಗದಿ ಮಾಡುತ್ತದೆ. ಮಾತು ಮುರಿದರೆ ಸಂಘವೇ ಬೆಲೆ ಸಾರುತ್ತದೆ. ಆ ವರ್ಷವೇ ಹುಟ್ಟಿದ, ಟ್ರೋಮ್ಸೋ ನಗರದಲ್ಲಿ ಕೇಂದ್ರ ಕಚೇರಿಯಿರುವ ನೋರ್ಗೆಸ್ ರೋಫಿಸ್ಕ್‌ಲಾಗ್ ಎಂಬ ಸಂಘ ಉತ್ತರ ತೀರದ ಬೆಲೆಗಳನ್ನು ಇಂದಿಗೂ ಪ್ರಕಟಿಸುತ್ತದೆ, ಮೀನಿನ ಜಾತಿಗೆ, ಗಾತ್ರಕ್ಕೆ ತಕ್ಕಂತೆ. 2013ರಲ್ಲಿ ಕಾನೂನಿನ ಹೆಸರು ಬದಲಾಯಿತು, ಸಾರ ಹಾಗೆಯೇ ಉಳಿಯಿತು. ಕಟ್ಟೆಯಲ್ಲಿ ಮೀನು ತೂಗಿದ ಮೇಲೆ ಮಾರುವವನೂ ಕೊಳ್ಳುವವನೂ ಒಂದು ಚೀಟಿಗೆ ಸಹಿ ಹಾಕುತ್ತಾರೆ, ಅದು ಸಂಘಕ್ಕೆ ಹೋಗುತ್ತದೆ. ಎಷ್ಟು ಮೀನು ಹಿಡಿದರೆಂಬ ಸರ್ಕಾರದ ಲೆಕ್ಕಕ್ಕೂ ಅದೇ ಆಧಾರ. ಒಡೆಯನ ಪುಸ್ತಕ ಹೋಗಿ ಈ ಚೀಟಿ ಬಂದದ್ದೇ ಆ ಕರಾವಳಿಯ ದೊಡ್ಡ ಘಟನೆ ಎಂದು ನನಗನ್ನಿಸುತ್ತದೆ. ತೈಲ ಸಿಕ್ಕದ್ದು 1969ರಲ್ಲಿ. ಅದಕ್ಕೆ ಮೂರು ದಶಕ ಮೊದಲೇ, ದೇಶ ಇನ್ನೂ ಬಡದಾಗಿದ್ದಾಗ ಮಾಡಿದ ಕೆಲಸವಿದು. ಹಾಗಾಗಿ ‘ಅವರಿಗೇನು, ಎಣ್ಣೆಯ ದುಡ್ಡಿದೆ’ ಎಂಬ ನಮ್ಮವರ ಮಾತು ಇಲ್ಲಿಗೆ ಹೊಂದುವುದಿಲ್ಲ. ಅಂದಹಾಗೆ ಲೋಫೋಟನ್ ಸುತ್ತಲಿನ ಸಮುದ್ರದಲ್ಲಿ ತೈಲ ತೆಗೆಯುವುದನ್ನು ಅಲ್ಲಿನವರು ಈವರೆಗೆ ತಡೆದೇ ನಿಲ್ಲಿಸಿದ್ದಾರೆ.

ನಮ್ಮ ಕರಾವಳಿಗೂ ಈ ದೇಶಕ್ಕೂ ಇರುವ ನಿಜವಾದ ಸಂಬಂಧದ ಮಾತು ಇಲ್ಲಿ ಬರುತ್ತದೆ. 1952ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆ ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಮರುವರ್ಷದಿಂದ ಕೊಲ್ಲಂ ಸಮೀಪದ ನೀಂಡಕರದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಆರಂಭವಾಯಿತು. ನಾರ್ವೆ ಬೇರೊಂದು ದೇಶಕ್ಕೆ ಕೈಗೊಂಡ ಮೊದಲ ಅಭಿವೃದ್ಧಿ ನೆರವು ಅದು. ಎಂಜಿನ್ ಬೋಟು, ನೈಲಾನ್ ಬಲೆ, ಐಸ್ ಪ್ಲಾಂಟ್, ಕುಡಿಯುವ ನೀರು, ಆಸ್ಪತ್ರೆ ಎಲ್ಲವೂ ಬಂದವು. ಅರವತ್ತರ ದಶಕದಲ್ಲಿ ಯೋಜನೆ ನಮ್ಮ ಕಾರವಾರಕ್ಕೂ ಚಾಚಿತು. ಊರಿನ ಬಡವರ ತಟ್ಟೆಗೆ ಹೆಚ್ಚು ಮೀನು ಬರಲಿ ಎಂಬ ಉದ್ದೇಶದಿಂದ ಹೊರಟದ್ದು, ಸಿಗಡಿಯ ರಫ್ತಿನ ದುಡ್ಡು ಕಂಡ ಮೇಲೆ ಸಮುದ್ರದ ತಳದಲ್ಲಿ ಬಲೆ ಎಳೆಯುವ ಟ್ರಾಲ್ ಬೋಟುಗಳ ಭರಾಟೆಯಾಗಿ ಬೆಳೆಯಿತು. ಬೋಟು ಕೊಂಡವರಲ್ಲಿ ಸಮುದ್ರಕ್ಕೆ ಇಳಿಯದವರೂ ಅನೇಕರಿದ್ದರು. ನಾರ್ವೆಯಲ್ಲಿ ಸ್ವತಃ ಟ್ರಾಲರ್‌ಗಳಿಗೆ 1936ರಲ್ಲೇ ಕಾನೂನಿನ ಕಡಿವಾಣ ಹಾಕಿದ್ದರು, ಮೀನುಗಾರಿಕೆ ದೋಣಿಯ ಅರ್ಧಕ್ಕಿಂತ ಹೆಚ್ಚಿನ ಒಡೆತನ ಸ್ವತಃ ಮೀನು ಹಿಡಿಯುವವರ ಕೈಯಲ್ಲಿರಬೇಕೆಂಬ ನಿಯಮ ಅಲ್ಲಿ ಇಂದಿಗೂ ಇದೆ. ಯಂತ್ರ ಹಡಗೇರಿ ಬಂತು, ಈ ಕಟ್ಟುಪಾಡುಗಳು ಅಲ್ಲೇ ಉಳಿದವು. ಬಂದಿದ್ದರೂ ಇಲ್ಲಿ ಹಾಗೆಯೇ ನಡೆಯುತ್ತಿದ್ದವೆಂದು ನಾನು ಹೇಳಲಾರೆ. ಅಲ್ಲಿ ಲೆಕ್ಕಕ್ಕೆ ಬರುವ ಮೀನಿನ ಜಾತಿಗಳು ಕೆಲವೇ. ನಮ್ಮ ಒಂದು ಬುಟ್ಟಿಯಲ್ಲೇ ಹತ್ತು ಬಗೆಯಿರುತ್ತದೆ, ಸಂಜೆಯೊಳಗೆ ಮಾರದಿದ್ದರೆ ಕೆಡುತ್ತದೆ. ಆದರೂ ಅಸಾಧ್ಯವೇನಲ್ಲ. ತಿರುವನಂತಪುರದ ಕಡೆ ಮೀನುಗಾರರ ಸಂಘಗಳು ದಡದ ಹರಾಜನ್ನೇ ತಮ್ಮ ಕೈಗೆ ತೆಗೆದುಕೊಂಡು, 1980ರಲ್ಲಿ ದಕ್ಷಿಣ ಭಾರತದ ಒಕ್ಕೂಟವನ್ನೇ ಕಟ್ಟಿದ್ದು ಕಣ್ಣೆದುರಿಗಿದೆ.

ನಾರ್ವೆಯಲ್ಲೂ ಎಲ್ಲ ನೆಟ್ಟಗಿಲ್ಲ. ಕಾಡ್ ತೀರ ಕಡಿಮೆಯಾಗಿ 1989ರ ವಸಂತದಲ್ಲಿ ಕರಾವಳಿಯ ದೋಣಿಗಳ ಬೇಟೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು, ಮರುವರ್ಷದಿಂದ ದೋಣಿಗೊಂದು ಕೋಟಾ, ಎಂದರೆ ಇಷ್ಟೇ ಮೀನು ಹಿಡಿಯಬಹುದೆಂಬ ಪಾಲು, ಬಂತು. ಮೀನು ಚೇತರಿಸಿಕೊಂಡಿತು, ಆದರೆ ಕೋಟಾಗೆ ಬೆಲೆ ಏರಿತು. ಇಂದು ಹೊಸಬನೊಬ್ಬ ದೋಣಿ ಕೊಳ್ಳುವುದಕ್ಕಿಂತ ಹಿಡಿಯುವ ಹಕ್ಕು ಕೊಳ್ಳುವುದೇ ದುಬಾರಿ. ರಷ್ಯಾದೊಂದಿಗೆ ಹಂಚಿಕೊಳ್ಳುವ ಬ್ಯಾರೆಂಟ್ಸ್ ಕಾಡ್‌ನ ಒಟ್ಟು ಕೋಟಾ 2025ಕ್ಕೆ 3,40,000 ಟನ್‌ಗೆ ಇಳಿಯಿತು, 1991ರಿಂದ ಆ ವರ್ಷದವರೆಗಿನ ಅತಿ ಕಡಿಮೆ ಮಟ್ಟ. ಮೀನು ಕತ್ತರಿಸುವ ಶೆಡ್ಡುಗಳಲ್ಲಿ ಕಿವಿಗೆ ಬೀಳುವುದು ಪೂರ್ವ ಯುರೋಪಿನ ಭಾಷೆಗಳು. ರೂರ್ಬುಗಳ ಬಾಡಿಗೆ ಪ್ರವಾಸಿಗಳ ಜೇಬಿಗೆ ತಕ್ಕಂತೆ ಏರಿದೆ, ನಾನು ಕೊಟ್ಟದ್ದೂ ಸೇರಿ.

ಹೆನ್ನಿಂಗ್ಸ್‌ವಾರ್ ಎಂಬ ಊರಿನ ಕಟ್ಟೆಯಲ್ಲಿ ಚಿಕ್ಕ ದೋಣಿಯೊಂದನ್ನು ತೊಳೆಯುತ್ತಿದ್ದ ಯುವಕನೊಡನೆ ಇದನ್ನೆಲ್ಲ ಮಾತಾಡಿದೆ. ಅವನದು ಸ್ವಂತ ಕೋಟಾ ಇಲ್ಲದವರಿಗೆ ಮೀಸಲಾದ ಮುಕ್ತ ಗುಂಪಿನ ದೋಣಿ. ಗುಂಪಿಗೆಂದು ಇಟ್ಟ ಮೀನು ತೀರಿದ ದಿನ ಬೇಟೆಯೂ ನಿಲ್ಲುತ್ತದೆ. ಅದರ ಬಗ್ಗೆ ಅವನಿಗೆ ಬೇಕಾದಷ್ಟು ದೂರುಗಳಿದ್ದವು. ಆಮೇಲೆ ನಮ್ಮ ಕಡೆಯ ಬೆಲೆಯನ್ನು ಯಾರು ನಿರ್ಧರಿಸುತ್ತಾರೆ ಎಂದು ವಿಚಾರಿಸಿದ. ಹರಾಜು ಕೂಗುವವರು ಎಂದೆ. ತಾರ್ಲೆ ಮೀನು ವಿಪರೀತ ಬಿದ್ದ ದಿನ ಮೀನನ್ನು ಹಿಟ್ಟು ಮಾಡುವ ಫಿಶ್‌ಮೀಲ್ ಕಾರ್ಖಾನೆಯ ಲಾರಿಯವನು ಹೇಳಿದ್ದೇ ಬೆಲೆ ಎಂದೆ. ಹಾಗಾದರೆ ನಿಮ್ಮ ಸಂಘ ಏನು ಮಾಡುತ್ತದೆ ಎಂದು ಕೇಳಿದ. ಡೀಸೆಲ್ ಕೊಡುತ್ತದೆ, ಸಾಲ ಕೊಡುತ್ತದೆ, ಬೆಲೆಯ ವಿಚಾರ ಬಹುಮಟ್ಟಿಗೆ ಅದರ ಕೈಯಲ್ಲಿಲ್ಲ ಎಂದು ಹೇಳಿ, ಅವನ ದೇಶದವರೇ ಎಪ್ಪತ್ತು ವರ್ಷಗಳ ಹಿಂದೆ ನಮ್ಮ ತೀರಕ್ಕೆ ಬಂದಿದ್ದ ಕಥೆಯನ್ನು ವಿವರಿಸಿದೆ. ಅವನು ಅದನ್ನು ಕೇಳಿಯೇ ಇರಲಿಲ್ಲ. ಹೋಸ್ ಪೈಪನ್ನು ಬಂದ್ ಮಾಡಿ, ‘ನಮ್ಮವರು ನಿಮಗೆ ಬರೀ ಎಂಜಿನ್ ಕೊಟ್ಟು ಬಂದರೇ?’ ಎಂದ. ಐಸ್ ಪ್ಲಾಂಟನ್ನೂ ಕೊಟ್ಟಿದ್ದರು ಎಂದೆ.